ಕನ್ನಡ ಮಾಧ್ಯಮದಿಂದ ಬಂದು ಕಂಪ್ಯೂಟರ್ ಸೈನ್ಸ್ ಓದುವವರಿಗೆ

ಸಿಇಟಿ ಸೀಟು ಹಂಚಿಕೆ ಶುರುವಾದರೆ ಪೋಷಕರು ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಇನ್ಫರ್ಮೇಷನ್ ಸೈನ್ಸ್ ಸಿಕ್ಕಿದೆ, ಸೇರಿಸಬಹುದೇ?’ ಧಾರಾಳವಾಗಿ ಸೇರಿಸಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಈ ಎರಡೂ ವಿಭಾಗಗಳ ಮುಖ್ಯ ವಿಷಯಗಳು ಬಹುಪಾಲು ಒಂದೇ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಅಲ್ಗಾರಿದಮ್, ಡೇಟಾಬೇಸ್, ನೆಟ್‌ವರ್ಕ್ ಇಬ್ಬರಿಗೂ ಇವೆ. ಕಾಲೇಜು ನೋಡಲು ಹೋದಾಗ ತರಗತಿ ಮುಗಿದ ಮೇಲೆ ಲ್ಯಾಬ್ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳಿ. ವಿಭಾಗದ ಹೆಸರಿಗಿಂತ ನನಗೆ ಅದು ಮುಖ್ಯ.

ನಾನು ಮೂರನೇ ಸೆಮಿಸ್ಟರಿನವರಿಗೆ ಡೇಟಾ ಸ್ಟ್ರಕ್ಚರ್ಸ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಜೋಡಿಸಿಡುವ ವಿಧಾನಗಳನ್ನು ಕಲಿಸುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಹಿಂದಿನ ಬೆಂಚಿನಲ್ಲಿ ಕುಳಿತು, ಅರ್ಥವಾಗದ ಪ್ರೋಗ್ರಾಮನ್ನು ಸಾಲು ಸಾಲಾಗಿ ಬಾಯಿಪಾಠ ಮಾಡುವುದನ್ನು ಕಂಡರೆ ಸಂಕಟವಾಗುತ್ತದೆ. ಅವರಿಗೆ ನಾನು ಹೇಳುವುದು ಇಷ್ಟು: ವಿಷಯವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಕಾಗದದ ಮೇಲೆ ಮಾಡಿ ನೋಡಿ, ಆಮೇಲೆ ಕೀಲಿಮಣೆ ಮುಟ್ಟಿ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಬಹಳ ಅಲ್ಲ. ಅದು ಬರೆದು ಬರೆದು ಬರುತ್ತದೆ.

ಕಾಗದದ ಮೇಲೆ ಮಾಡುವುದು ಎಂದರೇನು? ಲಿಂಕ್ಡ್ ಲಿಸ್ಟನ್ನೇ, ಅಂದರೆ ಒಂದು ಮಾಹಿತಿ ಮುಂದಿನದರ ವಿಳಾಸವನ್ನು ಹಿಡಿದಿರುವ ಪಟ್ಟಿಯನ್ನೇ ತೆಗೆದುಕೊಳ್ಳಿ. ಎರಡು ಚೌಕ ಬರೆಯಿರಿ. ಮೊದಲನೆಯದರ ವಿಳಾಸ 1000, ಎರಡನೆಯದರದು 2000. ಪ್ರತಿ ಚೌಕದಲ್ಲಿ ಎರಡು ಮನೆಗಳು: ಒಂದರಲ್ಲಿ ಮಾಹಿತಿ, ಇನ್ನೊಂದರಲ್ಲಿ ಮುಂದಿನ ಚೌಕದ ವಿಳಾಸ. ಪಟ್ಟಿ ಎಲ್ಲಿಂದ ಶುರು ಎಂದು ಹೇಳುವ ಇನ್ನೊಂದು ಮನೆಯನ್ನು ಪಕ್ಕದಲ್ಲಿ ಬರೆದು, ‘ಹೆಡ್’ ಎಂದು ಹೆಸರಿಟ್ಟು ಅದರೊಳಗೆ 1000 ತುಂಬಿ. ಈಗ 3000 ವಿಳಾಸದ ಹೊಸ ಚೌಕವನ್ನು ಎಲ್ಲಕ್ಕಿಂತ ಮುಂದೆ ಸೇರಿಸಬೇಕು. ಬೇಕಾದದ್ದು ಎರಡೇ ಸಾಲು. ಮೊದಲು ಹೊಸ ಚೌಕದ ಎರಡನೇ ಮನೆಗೆ ಹೆಡ್‌ನಲ್ಲಿರುವ 1000 ಬರೆಯಬೇಕು, ನಂತರ ಹೆಡ್‌ನಲ್ಲಿ 3000 ಬರೆಯಬೇಕು.

ಈ ಎರಡು ಸಾಲುಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ನೋಡಿ. ಹೆಡ್‌ನಲ್ಲಿ ಮೊದಲು 3000 ಬರೆದರೆ 1000 ಅಳಿಸಿಹೋಯಿತು. ಈಗ ಹೊಸ ಚೌಕದಲ್ಲಿ ಹೆಡ್‌ನ ಬೆಲೆ ಬರೆಯಲು ಹೋದರೆ ಅಲ್ಲಿರುವುದು 3000, ಅಂದರೆ ಆ ಚೌಕದ್ದೇ ವಿಳಾಸ! ಹಳೆಯ ಎರಡು ಚೌಕಗಳಿಗೆ ಹೋಗುವ ದಾರಿಯೇ ಇಲ್ಲ. ಪಟ್ಟಿಯನ್ನು ಮುದ್ರಿಸಲು ಹೇಳಿದರೆ ಪರದೆಯ ಮೇಲೆ ಒಂದೇ ಸಂಖ್ಯೆ ಕೊನೆಯಿಲ್ಲದೆ ಸುರಿಯುತ್ತದೆ. ಲ್ಯಾಬಿನಲ್ಲಿ ಗಾಬರಿಯಿಂದ ನನ್ನನ್ನು ಕರೆಯುವವರ ಪರದೆಯಲ್ಲಿ ಅನೇಕ ಸಲ ಇರುವುದು ಇದೇ. ಪೆನ್ಸಿಲಿನಲ್ಲಿ ಒಮ್ಮೆ ಬರೆದು, ಅಳಿಸಿ ನೋಡಿದವರಿಗೆ ಆ ಎರಡು ಸಾಲುಗಳ ಕ್ರಮ ಮರೆಯುವುದಿಲ್ಲ.

ನಾಲ್ಕನೇ ಸೆಮಿಸ್ಟರಿನ ಡೇಟಾಬೇಸಿಗೂ ಕಾಗದವೇ ಬೇಕು. ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಈಗಿನ ಪದ್ಧತಿಗೆ ಅಡಿಪಾಯ ಹಾಕಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್, 1970ರಲ್ಲಿ. ಒಂದೇ ಮಾಹಿತಿ ಹಲವು ಕಡೆ ಬಾರದಂತೆ ಕೋಷ್ಟಕಗಳನ್ನು ಬೇರ್ಪಡಿಸುವ ‘ನಾರ್ಮಲೈಸೇಷನ್’ ಎಂಬ ಪಾಠಕ್ಕೆ ಮಕ್ಕಳು ಹೆದರುತ್ತಾರೆ. ನಿಮ್ಮ ಕಾಲೇಜಿನ ಗ್ರಂಥಾಲಯದ ಲೆಡ್ಜರನ್ನು ನೆನೆಯಿರಿ. ಪುಸ್ತಕ ಪಡೆದಾಗಲೆಲ್ಲ ನಿಮ್ಮ ಹೆಸರಿನ ಜೊತೆ ಫೋನ್ ನಂಬರನ್ನೂ ಬರೆದರೆ, ನಂಬರ್ ಬದಲಾದ ದಿನ ಅಷ್ಟೂ ಸಾಲುಗಳನ್ನು ತಿದ್ದಬೇಕು. ಒಂದು ಸಾಲು ತಪ್ಪಿದರೂ ಯಾವ ನಂಬರ್ ಸರಿ ಎಂದು ಗೊತ್ತಾಗದು. ವಿದ್ಯಾರ್ಥಿಗೆ ಒಂದು ಕೋಷ್ಟಕ, ಪುಸ್ತಕಕ್ಕೆ ಒಂದು, ಯಾರು ಯಾವುದನ್ನು ಯಾವಾಗ ಒಯ್ದರು ಎಂಬುದಕ್ಕೆ ಒಂದು ಎಂದು ಬೇರ್ಪಡಿಸಿದರೆ ಫೋನ್ ನಂಬರ್ ಒಂದೇ ಕಡೆ ಇರುತ್ತದೆ. ಇದನ್ನು ನೀವೇ ಬರೆದು ನೋಡಿದ ಮೇಲೆ ಪಠ್ಯಪುಸ್ತಕದ ವ್ಯಾಖ್ಯೆ ಓದಿ.

ಗಣಿತವನ್ನು ಪಾಸಾದರೆ ಸಾಕೆಂದು ಬದಿಗಿಡಬೇಡಿ. ಪ್ರತಿ ಸಲ ನಡುವಿನದನ್ನು ನೋಡಿ ಅರ್ಧ ಪಟ್ಟಿಯನ್ನು ಬಿಟ್ಟುಬಿಡುವ ಬೈನರಿ ಸರ್ಚ್ ಯಾಕೆ ಅಷ್ಟು ವೇಗ ಎಂಬುದು ಲಾಗರಿದಮ್ ಗೊತ್ತಿದ್ದವರಿಗೆ ತಕ್ಷಣ ಹೊಳೆಯುತ್ತದೆ: ಕ್ರಮವಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಹೆಚ್ಚೆಂದರೆ 20 ಹೋಲಿಕೆ ಸಾಕು.

ದುಬಾರಿ ಲ್ಯಾಪ್‌ಟಾಪಿಗಾಗಿ ಮನೆಯವರು ಸಾಲ ಮಾಡುವುದು ಬೇಡ. ಪ್ರೋಗ್ರಾಮ್ ಬರೆಯುವ ಸಿ ಭಾಷೆ ಕಲಿಯಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ ಹಳೆಯ ಯಂತ್ರ, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ, ಉಚಿತವಾಗಿ ಸಿಗುವ ಜಿಸಿಸಿ ಕಂಪೈಲರ್ ಇದ್ದರೆ ಆಯಿತು. ಐಐಟಿ ಅಧ್ಯಾಪಕರ ವಿಡಿಯೊ ಪಾಠಗಳು ಎನ್‌ಪಿಟಿಇಎಲ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಪಾರಿಭಾಷಿಕ ಪದಗಳು ಮಾತ್ರ ಇಂಗ್ಲಿಷಿನಲ್ಲಿರಲಿ.

ಇನ್ನು ಪರೀಕ್ಷೆ. ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ನಿಯಮಗಳಲ್ಲಿ, ಥಿಯರಿ ವಿಷಯಗಳಿಗೆ ಆಂತರಿಕ ಮೌಲ್ಯಮಾಪನ 50, ಸೆಮಿಸ್ಟರ್ ಪರೀಕ್ಷೆ 50. ಐದು ಮಾಡ್ಯೂಲ್‌ಗಳಿದ್ದು, ಪ್ರತಿಯೊಂದರಿಂದ ಎರಡು ಪ್ರಶ್ನೆ ಕೊಟ್ಟು ಒಂದನ್ನು ಉತ್ತರಿಸಲು ಹೇಳುತ್ತಾರೆ. ಒಂದು ಮಾಡ್ಯೂಲ್ ಬಿಟ್ಟರೆ ಐದನೇ ಒಂದು ಪಾಲು ಅಂಕಗಳನ್ನು ಬಿಟ್ಟಂತೆ. ಹಾಜರಾತಿ ಶೇ 85 ಬೇಕು. ಉತ್ತರದಲ್ಲಿ ಚಿತ್ರ ಬರೆಯಿರಿ, ಒಂದು ಉದಾಹರಣೆಯನ್ನು ಹಂತ ಹಂತವಾಗಿ ಬಿಡಿಸಿ ತೋರಿಸಿ. ವಾಕ್ಯದಲ್ಲಿ ವ್ಯಾಕರಣ ತಪ್ಪಿದ್ದರೂ ಹಂತಗಳು ಸರಿಯಿದ್ದರೆ ನಾನು ಅಂಕ ಕೊಡುತ್ತೇನೆ.

ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಳ್ಳಬೇಡಿ. ನಿಮ್ಮೂರಿನ ಹಾಲಿನ ಡೇರಿಯಲ್ಲಿ ಬೆಳಗ್ಗೆ ಸಂಜೆ ಲೀಟರು, ಕೊಬ್ಬಿನಂಶ ಬರೆದುಕೊಳ್ಳುವ ಲೆಕ್ಕವೇ ಒಳ್ಳೆಯ ಪ್ರಾಜೆಕ್ಟ್. ಅಲ್ಲಿನ ಕಾರ್ಯದರ್ಶಿಯ ಬಳಿ ಕುಳಿತು, ಬಿಲ್ಲಿನಲ್ಲಿ ತಕರಾರು ಬಂದಾಗ ಅವರು ಯಾವ ಪುಟ ತಿರುಗಿಸಿ ನೋಡುತ್ತಾರೆ ಎಂದು ಮೊದಲು ತಿಳಿದುಕೊಳ್ಳಿ. ಅಲ್ಲಿಂದ ಕೋಷ್ಟಕಗಳನ್ನು ಬರೆಯಲು ತೊಡಗಿ.