ಹಾರ್ಮೋನ್ ರಿಪೋರ್ಟ್ ಓದುವ ಮೊದಲು ಮುಟ್ಟಿನ ತಾರೀಖು ನೋಡಿ

ದಪ್ಪಕ್ಷರದಲ್ಲಿರುವ ಅಂಕಿ ದೋಷದ್ದು, ಉಳಿದದ್ದೆಲ್ಲ ಕ್ಷೇಮ ಎಂದು ಲ್ಯಾಬಿನ ರಿಪೋರ್ಟ್ ಓದುವ ರೂಢಿ ನಮ್ಮಲ್ಲಿದೆ. ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನುಗಳ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮಹಿಳೆಯ ದೇಹದಲ್ಲಿ ಇವುಗಳಲ್ಲಿ ಹಲವು ಮುಟ್ಟಿನ ಚಕ್ರದ ಉದ್ದಕ್ಕೂ ಏರಿಳಿಯುತ್ತಿರುತ್ತವೆ. 2ನೇ ದಿನ ಒಂದು ಅರ್ಥ ಕೊಡುವ ಅಂಕಿ 14ನೇ ದಿನ ಬೇರೆಯೇ ಅರ್ಥ ಕೊಡುತ್ತದೆ. ರಕ್ತ ಕೊಟ್ಟದ್ದು ಚಕ್ರದ ಎಷ್ಟನೇ ದಿನ ಎಂಬುದು ತಿಳಿಯದ ರಿಪೋರ್ಟು ಅರ್ಧ ರಿಪೋರ್ಟು ಮಾತ್ರ.

ಹಾಗಾಗಿ ಮೊದಲ ಕೆಲಸ ಮನೆಯಲ್ಲಿಯೇ ಆಗಬೇಕು. ಸರಿಯಾಗಿ ರಕ್ತಸ್ರಾವ ಆರಂಭವಾದ ದಿನವನ್ನು 1ನೇ ದಿನವೆಂದು ಎಣಿಸಿ. ಅದಕ್ಕೂ ಮುನ್ನ ಕಾಣಿಸುವ ಕಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಟ್ಟು ನಿಂತ ದಿನದಿಂದ ಎಣಿಸುವವರೂ ಇದ್ದಾರೆ, ಅದರಿಂದ ಇಡೀ ಲೆಕ್ಕ ತಪ್ಪುತ್ತದೆ. ಅಮಾವಾಸ್ಯೆಯ ಮರುದಿನ ಆಯಿತು ಎಂಬ ನೆನಪನ್ನು ನಂಬದೆ ಗೋಡೆಯ ಕ್ಯಾಲೆಂಡರಿನಲ್ಲಿ ಕನಿಷ್ಠ ಮೂರು ತಿಂಗಳ ತಾರೀಖುಗಳನ್ನು ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಎಫ್‌ಎಸ್‌ಎಚ್, ಅಂಡಾಣು ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಮತ್ತು ಅಂಡಾಶಯವೇ ಸ್ರವಿಸುವ ಈಸ್ಟ್ರಡಿಯೋಲ್ ಹಾರ್ಮೋನುಗಳ ಪರೀಕ್ಷೆಗಳಿಗೆ ಸಾಮಾನ್ಯವಾಗಿ 2ನೇ ಅಥವಾ 3ನೇ ದಿನ ರಕ್ತ ಕೊಡಬೇಕು. ಎಫ್‌ಎಸ್‌ಎಚ್ ಎಂಬುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಅಂಡಾಶಯಕ್ಕೆ ಕಳಿಸುವ ಕರೆ. ಅಂಡಾಶಯ ಚೆನ್ನಾಗಿ ಓಗೊಟ್ಟರೆ ಕರೆ ಮೆಲ್ಲಗಿರುತ್ತದೆ, ಓಗೊಡದಿದ್ದರೆ ಜೋರಾಗುತ್ತದೆ. ಆರಂಭದ ದಿನಗಳಲ್ಲಿ ಇದು ಲೀಟರಿಗೆ 10 ಯೂನಿಟ್ಟಿಗಿಂತ ಕಡಿಮೆ ಇರುವುದು ಸಾಮಾನ್ಯ. ಆದರೆ ಅದೇ ದಿನ ಈಸ್ಟ್ರಡಿಯೋಲ್ ಹೆಚ್ಚಾಗಿದ್ದರೆ ಅದು ಎಫ್‌ಎಸ್‌ಎಚ್ಚನ್ನು ಒತ್ತಿ ಹಿಡಿಯುವುದರಿಂದ, ಒಳಗಿನ ಕೊರತೆ ಮುಚ್ಚಿಹೋಗಿ ಎಫ್‌ಎಸ್‌ಎಚ್ ಅಂಕಿ ಚೆಂದವಾಗಿ ಕಾಣಬಹುದು. ಈ ಎರಡನ್ನೂ ಒಟ್ಟಿಗೇ ಓದಬೇಕು. ಗರ್ಭನಿರೋಧಕ ಮಾತ್ರೆ ಸೇವಿಸುತ್ತಿರುವಾಗ ಈ ಪರೀಕ್ಷೆ ಮಾಡಿಸಿದರೆ ಹೆಚ್ಚು ಪ್ರಯೋಜನವಿಲ್ಲ.

ಹೆಚ್ಚು ಗಾಬರಿ ಹುಟ್ಟಿಸುವುದು ಎಎಂಎಚ್. ಅಂಡಾಶಯದ ಸಣ್ಣ ಕೋಶಗಳಿಂದ ಬರುವ ಈ ಹಾರ್ಮೋನು ಚಕ್ರದಲ್ಲಿ ಅಷ್ಟಾಗಿ ಏರಿಳಿಯದ ಕಾರಣ ಯಾವ ದಿನ ಬೇಕಾದರೂ ಪರೀಕ್ಷಿಸಬಹುದು. ಒಂದು ಲ್ಯಾಬ್ ಇದನ್ನು ಮಿಲಿಲೀಟರಿಗೆ ನ್ಯಾನೊಗ್ರಾಂನಲ್ಲಿ ಕೊಟ್ಟರೆ ಇನ್ನೊಂದು ಲೀಟರಿಗೆ ಪಿಕೊಮೋಲ್‌ನಲ್ಲಿ ಕೊಡುತ್ತದೆ. ಮೊದಲಿನದರ 1 ಎರಡನೆಯದರ ಸುಮಾರು 7ಕ್ಕೆ ಸಮ. ಬಾಗಲಕೋಟೆಯಲ್ಲಿ 1.5 ಇದ್ದದ್ದು ಬೆಳಗಾವಿಯಲ್ಲಿ 10 ಆಯಿತೆಂದು ಹಿಗ್ಗುವ ಮೊದಲು ಅಂಕಿಯ ಪಕ್ಕದ ಮಾನವನ್ನು ನೋಡಿ. ಎಎಂಎಚ್ ಹೇಳುವುದು ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜನ್ನೇ ಹೊರತು ಅವುಗಳ ಗುಣಮಟ್ಟವನ್ನಲ್ಲ. ಬಂಜೆತನದ ಇತಿಹಾಸವಿಲ್ಲದ 30ರಿಂದ 44 ವಯಸ್ಸಿನ ಮಹಿಳೆಯರ ಬಗ್ಗೆ 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎಎಂಎಚ್ ಕಡಿಮೆ ಇದ್ದವರು ಸಹಜವಾಗಿ ಗರ್ಭ ಧರಿಸುವ ಸಾಧ್ಯತೆ ಉಳಿದವರಿಗಿಂತ ಕಡಿಮೆ ಇರಲಿಲ್ಲ. ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯಲ್ಲಿ ಎಷ್ಟು ಅಂಡಾಣು ಸಿಗಬಹುದು ಎಂದು ಊಹಿಸಲು ಈ ಪರೀಕ್ಷೆ ನಿಜಕ್ಕೂ ಉಪಯುಕ್ತ. ಮಗು ಆಗುತ್ತದೆಯೋ ಇಲ್ಲವೋ ಎಂದು ತೀರ್ಪು ಕೊಡಲು ಅಲ್ಲ. ಅಂಕಿ ತೀರಾ ಹೆಚ್ಚಿದ್ದರೆ ಅದೂ ಶುಭಸೂಚನೆ ಎನ್ನುವಂತಿಲ್ಲ, ಅಂಡಾಶಯದಲ್ಲಿ ಸಣ್ಣ ಕೋಶಗಳು ಹೆಚ್ಚಾಗಿ ಮುಟ್ಟು ಏರುಪೇರಾಗುವ ಪಿಸಿಓಎಸ್ ತೊಂದರೆ ಇರುವವರಲ್ಲಿ ಇದು ಹೆಚ್ಚಿರುತ್ತದೆ.

ಅಂಡಾಣು ಬಿಡುಗಡೆಯಾದ ಮೇಲೆ ಏರುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಪರೀಕ್ಷೆಯನ್ನು 21ನೇ ದಿನ ಮಾಡಿಸಿ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಇದು 28 ದಿನಗಳ ಚಕ್ರಕ್ಕೆ ಮಾತ್ರ ಸರಿ. ಅಂಡಾಣು ಬಿಡುಗಡೆಯಾಗಿದೆಯೇ ಎಂದು ನೋಡುವ ಈ ಪರೀಕ್ಷೆ ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ಆಗಬೇಕಾದ್ದರಿಂದ, 35 ದಿನಕ್ಕೊಮ್ಮೆ ಮುಟ್ಟಾಗುವವರು 28ನೇ ದಿನ ಹೋಗಬೇಕು.

ಎದೆಹಾಲು ಉತ್ಪತ್ತಿಗೆ ಕಾರಣವಾಗುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪರೀಕ್ಷೆಗೆ ದಿನದ ಕಟ್ಟಿಲ್ಲ, ಆದರೆ ಅದಕ್ಕೆ ನೆಮ್ಮದಿ ಬೇಕು. ಇಂಡಿಯಿಂದಲೋ ಸಿಂದಗಿಯಿಂದಲೋ ನಸುಕಿನ ಬಸ್ಸು ಹಿಡಿದು, ನಿಂತುಕೊಂಡೇ ವಿಜಯಪುರಕ್ಕೆ ಬಂದು, ಲ್ಯಾಬಿಗೆ ಓಡಿ ತೋಳು ಚಾಚಿದರೆ ಆ ದಣಿವು ಮತ್ತು ಸೂಜಿಯ ಅಂಜಿಕೆಯಿಂದಲೇ ಅಂಕಿ ಏರಬಹುದು. ಅರ್ಧ ಗಂಟೆ ಕುಳಿತು ಸುಧಾರಿಸಿಕೊಂಡು ರಕ್ತ ಕೊಡಿ. ಥೈರಾಯ್ಡ್ ಕಡಿಮೆ ಇದ್ದರೂ ಪ್ರೊಲ್ಯಾಕ್ಟಿನ್ ಹೆಚ್ಚುವುದರಿಂದ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಜೊತೆಗೇ ಇರಬೇಕು. ಆಮ್ಲಪಿತ್ತಕ್ಕೆಂದು ಅಂಗಡಿಯಿಂದ ತಂದು ನುಂಗುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ವಾಂತಿ ತಡೆಯುವ ಡೊಂಪೆರಿಡೋನ್ ಎಂಬ ಔಷಧಿ ಸೇರಿರುತ್ತದೆ. ಅದೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಅಳತೆಯನ್ನೇ ಕೆಡಿಸುತ್ತದೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನು ವೈದ್ಯರಿಗೆ ಮೊದಲೇ ತಿಳಿಸಿ, ಯಾವುದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಮಾನಸಿಕ ಆರೋಗ್ಯದ ಔಷಧಿಯನ್ನಂತೂ ಸ್ವತಃ ನಿಲ್ಲಿಸಕೂಡದು.

ಇಷ್ಟೆಲ್ಲ ಪರೀಕ್ಷೆ ಸೊಸೆಗೆ ಆಗುವಾಗ ಮಗನಿಗೆ ಒಂದೂ ಆಗಿರುವುದಿಲ್ಲ ಎಂಬುದು ನಮ್ಮ ಕಡೆಯ ಮನೆಗಳ ವಾಡಿಕೆ. ವೀರ್ಯ ಪರೀಕ್ಷೆಗೆ ಸೂಜಿ ಬೇಕಿಲ್ಲ, ಖರ್ಚೂ ಕಡಿಮೆ. ಅದಕ್ಕೂ ಮುನ್ನ 2ರಿಂದ 7 ದಿನ ವೀರ್ಯ ಹೊರಹೋಗದಂತೆ ಸಂಯಮವಿದ್ದರೆ ಸಾಕು. ಅದು ಹೆಂಡತಿಯ ಪರೀಕ್ಷೆಯ ಜೊತೆಗೇ ಆಗಬೇಕು. ಅದರಲ್ಲಿ ಕೊರತೆ ಕಂಡರೆ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ನೋಡುತ್ತಾರೆ, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡುತ್ತಾರೆ. ಮೈಕಟ್ಟು ಬೆಳೆಸಲು ಜಿಮ್ಮಿನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡ ಯುವಕರು ಅದನ್ನು ಮುಚ್ಚಿಡಬಾರದು. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿಯು ವೀರ್ಯಾಣು ಉತ್ಪತ್ತಿಗೆ ಬೇಕಾದ ತನ್ನ ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸಿಬಿಡುವುದರಿಂದ, ತೋಳು ದಪ್ಪಗಾದರೂ ವೀರ್ಯಾಣು ಶೂನ್ಯಕ್ಕೆ ಇಳಿಯಬಹುದು.

ಹೆಂಡತಿಗೆ 35 ವರ್ಷದೊಳಗಿದ್ದರೆ ಒಂದು ವರ್ಷ, ಮೀರಿದ್ದರೆ 6 ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಾಗ ಸ್ತ್ರೀರೋಗ ತಜ್ಞರನ್ನು ಕಾಣಬೇಕು; ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟು ಕಾಯಬೇಕಿಲ್ಲ. ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ಹೋಗಲಿ, ವಿಜಯಪುರದ ಅಥವಾ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೋಗಲಿ, ದಂಪತಿ ಇಬ್ಬರೂ ಹೋಗಿ, ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಪ್ರತಿ ರಿಪೋರ್ಟಿನ ಮೇಲ್ತುದಿಯಲ್ಲಿ ಅಂದು ಚಕ್ರದ ಎಷ್ಟನೇ ದಿನವಾಗಿತ್ತೆಂದು ಪೆನ್ನಿನಲ್ಲಿ ಬರೆದಿಡಿ, ಮರುಪರೀಕ್ಷೆಯನ್ನು ಆದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ.