ಓವರ್‌ಲಾಕ್ ಮೆಷಿನ್ ಮತ್ತು ‘ವಾಣಿಜ್ಯ ಉದ್ದೇಶ’ದ ತಕರಾರು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾನೊಬ್ಬಳೇ ನಡೆಸುವ ಹೊಲಿಗೆ ಅಂಗಡಿಗೆ ಆನ್‌ಲೈನ್‌ನಲ್ಲಿ ತರಿಸಿದ, ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮೆಷಿನ್ನಿನ ಮೋಟಾರು ಮೊದಲ ವಾರದಲ್ಲೇ ಸುಟ್ಟಿತು. ದೆಹಲಿಯ ಮಾರಾಟಗಾರರು ಅದನ್ನು ವಾಪಸ್ ಪಡೆಯಲು ಒಪ್ಪಲಿಲ್ಲ. ವಕೀಲರನ್ನು ಇಟ್ಟುಕೊಳ್ಳದೆ ನಾನೇ ದೂರು ನಡೆಸಿದೆ.

ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಉಳಿಯುವುದಿಲ್ಲವಾದ್ದರಿಂದ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಇ-ಮೇಲ್‌ನಲ್ಲೇ ಬರೆದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸಬೇಕು. ‘ನಾವು ಬರೀ ಮಧ್ಯವರ್ತಿಗಳು’ ಎಂಬ ಉತ್ತರ ಬಂದುದರಿಂದ ಮಾರಾಟಗಾರರನ್ನೂ ಜಾಲತಾಣವನ್ನೂ ಎದುರುದಾರರನ್ನಾಗಿ ಸೇರಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. ಮಾರಾಟದ ಷರತ್ತುಗಳಲ್ಲಿ ವ್ಯಾಜ್ಯವೇನಿದ್ದರೂ ದೆಹಲಿಯ ನ್ಯಾಯಾಲಯದಲ್ಲೇ ಎಂದು ಬರೆದಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 34ರಂತೆ ದೂರುದಾರರು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. 1986ರ ಕಾಯ್ದೆಯಲ್ಲಿ ಈ ಅನುಕೂಲವಿರಲಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ನಿಜವಾದ ವಾದ ನಡೆದದ್ದು ಮೋಟಾರಿನ ಬಗ್ಗೆ ಅಲ್ಲ. ಬಿಲ್ಲಿನಲ್ಲಿ ಅಂಗಡಿಯ ಹೆಸರಿದ್ದುದನ್ನೇ ಹಿಡಿದು, ಇದು ವಾಣಿಜ್ಯ ಉದ್ದೇಶದ ಖರೀದಿ, ಆದ್ದರಿಂದ ನಾನು ಗ್ರಾಹಕಳೇ ಅಲ್ಲವೆಂದು ಎದುರುದಾರರು ತಕರಾರು ತೆಗೆದರು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ತಾನೇ ಬಳಸುವ ವಸ್ತುವನ್ನು ಕಲಂ 2(7)ರ ವಿವರಣೆ ವಾಣಿಜ್ಯ ಉದ್ದೇಶದಿಂದ ಹೊರಗಿಡುತ್ತದೆ. ವಾಣಿಜ್ಯ ಉದ್ದೇಶವನ್ನು ರುಜುವಾತುಪಡಿಸುವ ಹೊಣೆ ಅದನ್ನು ಹೇಳುವವರದೇ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಶ್ರೀರಾಮ್ ಚಿಟ್ಸ್ ಪ್ರಕರಣದಲ್ಲಿ ಹೇಳಿದೆಯಾದರೂ, ಅವರ ಕೈಯಲ್ಲಿ ಆ ಬಿಲ್ಲಿದ್ದಾಗ ಸುಮ್ಮನೆ ಕೂರುವುದು ಜಾಣತನವೆಂದು ನನಗನ್ನಿಸಲಿಲ್ಲ. ಕೆಲಸದಾಳುಗಳಿಲ್ಲ, ಹೊಲಿಯುವವಳು ನಾನೇ, ಮನೆ ನಡೆಯುವುದು ಇದರಿಂದಲೇ ಎಂಬ ಮೂರು ಸಂಗತಿಗಳನ್ನು ದೂರಿನಲ್ಲೇ ಬರೆದಿದ್ದೆ. ಅವನ್ನೇ ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆಯಲ್ಲೂ (ಅಫಿಡವಿಟ್) ಹೇಳಿ, ಅಳತೆ ಪುಸ್ತಕದ ಪುಟಗಳನ್ನು ಲಗತ್ತಿಸಿದೆ. ಎಲ್ಲ ಪುಟಗಳಲ್ಲೂ ಇದ್ದದ್ದು ಒಂದೇ ಕೈಬರಹ. ಇ-ಮೇಲ್‌ಗಳ ಮುದ್ರಿತ ಪ್ರತಿಗಳೊಂದಿಗೆ ವಿದ್ಯುನ್ಮಾನ ದಾಖಲೆಗಳಿಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನೂ ಕೊಟ್ಟಿದ್ದರಿಂದ ಅವುಗಳ ಬಗ್ಗೆ ಯಾರೂ ಪ್ರಶ್ನೆ ಎತ್ತಲಿಲ್ಲ.

ತಕರಾರು ತಳ್ಳಿಹೋಗಿ, ಹಣ ಹಿಂದಿರುಗಿಸಲು ಇಬ್ಬರಿಗೂ ಆದೇಶವಾಯಿತು. ಕೊಡದಿದ್ದರೆ ಗ್ರಾಹಕ ಕಾಯ್ದೆಯ ಕಲಂ 71ರಡಿ ಅಮಲ್ಜಾರಿ ಅರ್ಜಿ (ಆದೇಶವನ್ನು ಜಾರಿ ಮಾಡಿಸಲು ಕೋರುವ ಅರ್ಜಿ) ಹಾಕುವ ದಾರಿಯಿತ್ತು; ಅದರ ಅಗತ್ಯ ಬೀಳಲಿಲ್ಲ. ಹಣ ಖಾತೆಗೆ ಬಂದ ಮೇಲೆಯೇ ಮೆಷಿನ್ನನ್ನು ಕೊರಿಯರ್‌ನವರ ಕೈಗೆ ಕೊಟ್ಟು ರಸೀದಿ ಬರೆಸಿಕೊಂಡೆ.