ಗೆಳತಿಯರ ಕಾದಂಬರಿಗೆ ಭಿಶಿಯ ಲೆಕ್ಕ: ನನ್ನ ಅನುಭವ

ಗಂಡ ಹೆಂಡತಿಯ ಮನಸ್ತಾಪವನ್ನು ಗೆಳತಿಯರ ಕಥೆಯಾಗಿ ಬರೆಯುವವರ ಹಸ್ತಪ್ರತಿಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. ನಾಯಕಿ ಬಂದು ಅಳುತ್ತಾಳೆ, ಗೆಳತಿ ಚಹಾ ಮಾಡಿಕೊಟ್ಟು ಸಮಾಧಾನ ಹೇಳುತ್ತಾಳೆ. ಮೂರು ಅಧ್ಯಾಯ ಕಳೆದ ಮೇಲೆ ಮತ್ತೆ ಅದೇ ಅಳು, ಅದೇ ಚಹಾ. ಗೆಳತಿ ಎಂದರೆ ಎರಡು ಕಿವಿ, ಅಷ್ಟೇ. ಇವರ ಜಗಳದಿಂದ ಅವಳ ಮನೆಯ ಒಂದು ಚಮಚವೂ ಅಲುಗುವುದಿಲ್ಲ. ಮುಂಬಯಿಯ ಕನ್ನಡ ಹೆಂಗಸರ ಬಗ್ಗೆ ಬರೆಯುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸಂಸಾರ ಮುರಿದರೆ ಗೆಳತಿ ಕಳೆದುಕೊಳ್ಳುವುದೇನು? ದುಡ್ಡೋ, ಮರ್ಯಾದೆಯೋ, ಇನ್ನೊಂದು ಸಂಬಂಧವೋ, ಉತ್ತರ ಸಿಗುವ ತನಕ ಮೊದಲ ವಾಕ್ಯ ಬರೆಯುವುದಿಲ್ಲ.

ಈ ಊರಿನಲ್ಲಿ ಅದಕ್ಕೆ ಹೇಳಿ ಮಾಡಿಸಿದ ಸಾಧನ ಭಿಶಿ. ಬಿಲ್ಡಿಂಗಿನ, ಆಫೀಸಿನ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಹೆಂಗಸರು ಕೂಡಿ ತಿಂಗಳಿಗಿಷ್ಟು ಎಂದು ಹಾಕಿ, ಚೀಟಿ ಎತ್ತಿ, ಹೆಸರು ಬಂದವಳಿಗೆ ಇಡೀ ಗಂಟು ಕೊಡುವ ವ್ಯವಹಾರ. ಕಾಗದಪತ್ರ ಇಲ್ಲ, ಬಡ್ಡಿ ಇಲ್ಲ, ಒಬ್ಬಳ ನೋಟ್‌ಬುಕ್ ಮಾತ್ರ. ನನ್ನ ಲೆಕ್ಕ ಹೀಗಿರುತ್ತದೆ: ಹನ್ನೆರಡು ಹೆಂಗಸರು, ತಲೆಗೆ 3,000 ರೂಪಾಯಿ, ತಿಂಗಳ ಗಂಟು 36,000. ಮೂರನೆಯ ತಿಂಗಳ ಚೀಟಿ ಗೆಳತಿಗೆ ಬರುತ್ತದೆ, ಅವಳು ಅದನ್ನು ನಾಯಕಿಗೆ ಬಿಟ್ಟುಕೊಡುತ್ತಾಳೆ. ನಾಯಕಿ ಅಲ್ಲಿಯವರೆಗೆ ಕಟ್ಟಿದ್ದು 9,000, ಕೈಗೆ ಬಂದದ್ದು 36,000, ಇನ್ನು ಕಟ್ಟಬೇಕಾದದ್ದು 27,000. ಐದು ಕಂತು ಕಟ್ಟಿದವಳು ಆರನೆಯ ತಿಂಗಳು ಮನೆ ಬಿಟ್ಟು ತವರಿಗೆ ಹೋದರೆ ಬಾಕಿ 21,000. ಅವಳ ಪರವಾಗಿ ಮಾತು ಕೊಟ್ಟವಳು ಗೆಳತಿ. ಆದ್ದರಿಂದ ಗೆಳತಿಯ ಪರ್ಸಿನಿಂದ ತಿಂಗಳಿಗೆ 3,000ದ ಬದಲು 6,000 ಹೋಗತೊಡಗುತ್ತದೆ. ಅದನ್ನು ಅವಳ ಗಂಡ ಗಮನಿಸದೆ ಇರುವುದಿಲ್ಲ. ಒಂದು ಮನೆಯ ಬಿರುಕು ಇನ್ನೊಂದು ಮನೆಯ ಗೋಡೆಗೆ ಹಬ್ಬುವುದು ಹೀಗೆ. ಸಮಾಧಾನದ ಮಾತು ಎಷ್ಟು ಬರೆದರೂ ಈ ಒತ್ತಡ ಹುಟ್ಟುವುದಿಲ್ಲ.

ಮೊತ್ತ ಆಯುವಾಗ ಎಚ್ಚರ ಬೇಕು. 36,000 ನಾಯಕಿಯ ಒಂದು ತಿಂಗಳ ಸಂಬಳದ ಆಸುಪಾಸಿನಲ್ಲಿರಬೇಕು. ಬಹಳ ಸಣ್ಣದಾದರೆ ಓದುಗರಿಗೆ ಯಾವುದೂ ತಟ್ಟುವುದಿಲ್ಲ. ಲಕ್ಷಗಟ್ಟಲೆ ಆದರೆ ಕಥೆ ಪೊಲೀಸ್ ಠಾಣೆಯ ಕಡೆ ಹೊರಳುತ್ತದೆ, ಗೆಳೆತನ ಬದಿಗೆ ಸರಿಯುತ್ತದೆ.

ನಾಯಕಿಗೆ ಆ ದುಡ್ಡು ಯಾಕೆ ಬೇಕಾಯಿತು? ಅದರ ಉತ್ತರ ಸಂಸಾರದೊಳಗಿರಬೇಕು, ಅದಕ್ಕೂ ಅಂಕಿ ಬೇಕು. 50 ಲಕ್ಷದ ಗೃಹಸಾಲ, ಶೇಕಡಾ 8.5ರ ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ಕಂತಿನಲ್ಲಿ 35,000ಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಐದು ವರ್ಷ ಕಟ್ಟಿದ ಮೇಲೂ ಅಸಲು ಸುಮಾರು 44 ಲಕ್ಷ ಉಳಿದಿರುತ್ತದೆ. ಸಾಲ ಇಬ್ಬರ ಹೆಸರಿನಲ್ಲಿದ್ದರೆ, ವಿಚ್ಛೇದನವಾದರೂ ಬ್ಯಾಂಕಿನ ಕಣ್ಣಿನಲ್ಲಿ ಇಬ್ಬರೂ ಸಾಲಗಾರರೇ. "ಸಹಿಸಲಾಗದಿದ್ದರೆ ಬಿಟ್ಟು ಬರಬಾರದೇ?" ಎಂದು ಕೇಳುವ ಓದುಗರಿಗೆ ಈ ಒಂದು ಪ್ಯಾರಾ ಸಾಕು. ಹೆಂಡತಿಯ ಸಂಬಳ 38,000 ಎಂದಿಟ್ಟು ಗಂಡನ ಕೆಲಸ ಹೋಗಿದೆ ಎನ್ನಿ. ಅವನು ಅದನ್ನು ಮುಚ್ಚಿಟ್ಟಿದ್ದಾನೆ ಎಂದರೆ ಕಾದಂಬರಿಯ ಅರ್ಧ ಹಂದರ ನಿಂತಿತು.

ಗಂಡನನ್ನು ಖಳನಾಗಿಸುವುದು ಸುಲಭ, ಅದಕ್ಕೇ ಬೇಡ. ನಾನು ಅವನಿಗೊಂದು ಪೂರ್ತಿ ಅಧ್ಯಾಯ ಕೊಡುತ್ತೇನೆ. ಬೆಳಿಗ್ಗೆ ಎಂದಿನ ಹಾಗೆ ಡಬ್ಬಾ ಹಿಡಿದು ಡೊಂಬಿವಲಿಯಿಂದ ಹೊರಟವನು ಸಂಜೆಯವರೆಗೆ ಎಲ್ಲಿರುತ್ತಾನೆ? ಮಾಟುಂಗದ ಫೈವ್ ಗಾರ್ಡನ್ಸ್‌ನ ಬೆಂಚಿನ ಮೇಲೆ, ಮಧ್ಯಾಹ್ನ ಡಬ್ಬಾ ಬಿಚ್ಚಿ, ಬದನೆಕಾಯಿ ಪಲ್ಯ ಮುಗಿಸಿ, ನೀರು ಕುಡಿದು, ಫೋನಿನ ಚಾರ್ಜು ಉಳಿಸುತ್ತಾ. ಹೆಂಡತಿಗೆ ಸಂಶಯ ಬರುವುದು ಶರ್ಟಿನ ಮೇಲಿನ ಲಿಪ್‌ಸ್ಟಿಕ್ ಕಲೆಯಿಂದಲ್ಲ. ಯಾವಾಗಲೂ ಮೂರು ತಿಂಗಳ ರೈಲ್ವೆ ಪಾಸ್ ತೆಗೆಯುತ್ತಿದ್ದವನ ಜೇಬಿನಲ್ಲಿ ಈ ಸಲ ಒಂದು ತಿಂಗಳ ಪಾಸ್ ಇದೆ. ಮುಂಬಯಿಯಲ್ಲಿ ಬದುಕಿದವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗೂ ವಿವರಿಸಬೇಡಿ. ಅವಳು ಪಾಸನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು ಎಂದರೆ ಸಾಕು.

ಇನ್ನು ಲೇಡೀಸ್ ಡಬ್ಬಿ. ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಮಹಿಳೆಯರಿಗೆಂದೇ ಇಡೀ ಲೋಕಲ್ ಓಡಲು ಶುರುವಾದದ್ದು 1992ರ ಮೇ 5ರಂದು. ಬರೀ ಡಬ್ಬಿಗಳು ಅದಕ್ಕೂ ಮೊದಲಿನಿಂದ ಇದ್ದವು. ಟ್ರೈನಿನ ಗೆಳತಿಯರ ನಂಟು ವಿಚಿತ್ರ. ಅತ್ತೆಯ ಮಧುಮೇಹದಿಂದ ಹಿಡಿದು ಮಗನ ಮಾರ್ಕಿನ ತನಕ ಗೊತ್ತಿರುತ್ತದೆ, ಆದರೆ ಒಬ್ಬರ ಮನೆ ಇನ್ನೊಬ್ಬರು ನೋಡಿರುವುದಿಲ್ಲ. ಆದ್ದರಿಂದ ಮನೆಯ ಗೆಳತಿಗೆ ಹೇಳಲಾಗದ್ದನ್ನು ಟ್ರೈನಿನ ಗೆಳತಿಗೆ ಹೇಳಬಹುದು. ನನ್ನ ಕಾದಂಬರಿಗಳಲ್ಲಿ ಈ ಇಬ್ಬರು ಬೇರೆ ಬೇರೆ ಪಾತ್ರಗಳು. ಒಂದು ದಿನ ಅವರಿಬ್ಬರೂ ಒಂದೇ ಅರಸಿನ ಕುಂಕುಮಕ್ಕೆ ಬಂದುಬಿಟ್ಟರೆ ನಾಯಕಿಯ ಎದೆ ಧಸಕ್ಕೆನ್ನುತ್ತದೆ. ಮಕರ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮನೆಮನೆಯಲ್ಲೂ ಅರಸಿನ ಕುಂಕುಮ ನಡೆಯುವುದರಿಂದ ಈ ಭೇಟಿ ಕಾಕತಾಳೀಯ ಅನ್ನಿಸುವುದಿಲ್ಲ.

ಟ್ರೈನಿನ ದೃಶ್ಯದ ಉದ್ದವನ್ನು ಸ್ಟೇಷನ್ನೇ ತೀರ್ಮಾನಿಸುತ್ತದೆ. ಫಾಸ್ಟ್ ಲೋಕಲಿನಲ್ಲಿ ಠಾಣೆಯಿಂದ ಘಾಟ್ಕೋಪರ್‌ಗೆ ಹೆಚ್ಚುಕಡಿಮೆ ಕಾಲು ಗಂಟೆ. ಗೆಳತಿ ಅಲ್ಲಿ ಇಳಿದು ಮೆಟ್ರೊ ಹಿಡಿಯಬೇಕು. ಕೇಳುವುದನ್ನು ಅಷ್ಟರೊಳಗೆ ಕೇಳಬೇಕು, ಸುತ್ತಲೂ ಇಪ್ಪತ್ತು ಕಿವಿಗಳಿವೆ.

"ಈ ತಿಂಗಳ ಪಾಳಿ ನನಗೆ ಬಿಡ್ತೀಯಾ?"

"ಮಗಳ ಫೀಸ್ ಕಟ್ಲಿಕ್ಕುಂಟಲ್ಲ ಮಾರಾಯ್ತಿ."

"ಗೊತ್ತುಂಟು."

"ನಿಮ್ಮವರಿಗೆ ಹೇಳಿದ್ದೀಯಾ?"

"ಘಾಟ್ಕೋಪರ್ ಬಂತು. ಆಚೆ ಸರಿ, ಇಳಿಲಿಕ್ಕೆ ಆಗ್ಲಿಕ್ಕಿಲ್ಲ."

ಇಲ್ಲಿ "ಅವರು ನನ್ನನ್ನು ಅರ್ಥ ಮಾಡಿಕೊಳ್ಳುವುದಿಲ್ಲ" ಎಂಬ ಮಾತು ಬಂದರೆ ದೃಶ್ಯ ಸತ್ತ ಹಾಗೆ. ಉತ್ತರ ಸಿಗದ ಪ್ರಶ್ನೆಯೇ ಗೆಳತಿಗೆ ಎಲ್ಲ ಹೇಳಿದೆ. ಅವಳು ಮೆಟ್ರೊದಲ್ಲಿ ನಿಂತು ಫೀಸಿನ ಲೆಕ್ಕ ಮತ್ತೆ ಹಾಕುತ್ತಾಳೆ.

ಬರೆಯುವ ಮೊದಲು ಒಂದು ದೊಡ್ಡ ಹಾಳೆಯ ಮೇಲೆ ಕೋಷ್ಟಕ ಎಳೆಯುತ್ತೇನೆ. ಅಡ್ಡಕ್ಕೆ ಅಧ್ಯಾಯಗಳು, ಉದ್ದಕ್ಕೆ ಪಾತ್ರಗಳು. ಕೆಲಸ ಹೋದದ್ದು, ಭಿಶಿ ಪಾಳಿ ಬದಲಾದದ್ದು, ಬಳೆ ಅಡವಿಟ್ಟದ್ದು, ಒಂದೊಂದು ಗುಟ್ಟಿಗೂ ಒಂದೊಂದು ಬಣ್ಣ. ಯಾರಿಗೆ ಯಾವ ಅಧ್ಯಾಯದಲ್ಲಿ ಯಾರಿಂದ ಗೊತ್ತಾಯಿತು ಎಂದು ಆ ಚೌಕದಲ್ಲಿ ತುಂಬುತ್ತೇನೆ. 45ರಿಂದ 50 ಸಾವಿರ ಪದದ ಕಾದಂಬರಿಗೆ ಮೂರು ಗುಟ್ಟು ಸಾಕು. ಐದಾದರೆ ಟಿವಿ ಧಾರಾವಾಹಿಯ ವಾಸನೆ ಬರುತ್ತದೆ. ಒಂದು ಗುಟ್ಟು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದಾಗಲೆಲ್ಲ ಯಾರೋ ಒಬ್ಬರಿಗೆ ನಷ್ಟವಾಗಬೇಕು. ನಷ್ಟವಿಲ್ಲದೆ ದಾಟಿದ ಕಡೆ ಕೆಂಪು ಗೀಟು ಹಾಕಿ ಆ ದೃಶ್ಯ ತೆಗೆಯುತ್ತೇನೆ. ಮೊದಲ ಕರಡಿನಲ್ಲಿ ಬೀಳುವ ದೃಶ್ಯಗಳಲ್ಲಿ ಹೆಚ್ಚಿನವು ಅಡುಗೆಮನೆಯ ಸಂಭಾಷಣೆಗಳೇ.

ಅಕ್ಕತಂಗಿಯರ ಎಳೆಗೆ ನಾನು ಸಾಮಾನ್ಯವಾಗಿ ಹಿಡಿಯುವುದು ಹಕ್ಕು ಬಿಡುಗಡೆ ಪತ್ರವನ್ನು. ಊರಿನ ಆಸ್ತಿ ಪಾಲಾಗುವ ಹೊತ್ತಿಗೆ ಅಣ್ಣ ಫೋನ್ ಮಾಡುತ್ತಾನೆ, "ಒಂದು ಸಹಿ ಅಷ್ಟೆ, ಬಂದು ಹೋಗಿ." ಅಕ್ಕ ತವರಿನ ಬಾಗಿಲು ಮುಚ್ಚಬಾರದೆಂದು ಸಹಿ ಹಾಕಿ ಆಗಿದೆ. ತಂಗಿಯ ಸಂಸಾರ ಅಲುಗಾಡುತ್ತಿದೆ, ಆ ಪಾಲೇ ಅವಳ ಆಧಾರ. ತಂಗಿ ಸಹಿ ಹಾಕದಿದ್ದರೆ ಅಕ್ಕನ ಔದಾರ್ಯ ದಡ್ಡತನವಾಗಿ ಕಾಣುತ್ತದೆ, ಹಾಕಿದರೆ ತಂಗಿ ಬೀದಿಗೆ ಬೀಳುತ್ತಾಳೆ. ಇಬ್ಬರೂ ಸರಿ. ಇಂಥ ಜಗಳವನ್ನು ಎಷ್ಟು ಪುಟ ಬೇಕಾದರೂ ಬರೆಯಬಹುದು. ಸ್ಥಿರಾಸ್ತಿಯ ಬಿಡುಗಡೆ ಪತ್ರ ನೋಂದಣಿಯಾಗಬೇಕು, ಬಿಳಿ ಹಾಳೆಯ ಸಹಿಯಿಂದ ಹಕ್ಕು ಹೋಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೆಬ್ಬೆಟ್ಟು, ಫೋಟೊ, ಕಾಯುವ ಬೆಂಚು ಎಲ್ಲವೂ ದೃಶ್ಯಕ್ಕೆ ಒದಗಿ ಬರುತ್ತವೆ.

ಕುಟುಂಬ ಯಾವ ಕಡೆಯದು ಎಂಬುದನ್ನು ಇಲ್ಲಿ ಮರೆಯಬಾರದು. ವಿಜಯಪುರದ ಕಡೆಯ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಪಾಲು ಸಿಕ್ಕಿದ್ದು ಕರ್ನಾಟಕದ 1994ರ ತಿದ್ದುಪಡಿಯಿಂದ, ಅದಕ್ಕೂ ಮೊದಲು ಮದುವೆಯಾಗಿದ್ದವಳಿಗೆ ಕೇಂದ್ರದ 2005ರ ತಿದ್ದುಪಡಿಯಿಂದ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ವಂಶ ತಾಯಿಯ ಕಡೆಯಿಂದಲೇ ಎಣಿಕೆಯಾಗುತ್ತಿತ್ತು, ಹೆಣ್ಣಿನ ಪಾಲಿನ ಮಾತು ಅಲ್ಲಿ ಹೊಸದಲ್ಲ. ಆ ಮನೆಯ ಹೆಂಗಸು ಪಾಲು ಕೇಳುವ ದನಿಯೇ ಬೇರೆ, ಅಲ್ಲಿ ಎದುರು ನಿಲ್ಲುವವನು ಅಣ್ಣನಷ್ಟೇ ಅಲ್ಲ, ಸೋದರಮಾವನೂ ಇರಬಹುದು.

ಕೋರ್ಟಿನ ಅಧ್ಯಾಯದಲ್ಲಿ ತಪ್ಪು ನುಸುಳುವುದು ಅತಿ ಹೆಚ್ಚು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕುವ ಮುನ್ನ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳ ಕಾಯುವಿಕೆ. ಸೂಕ್ತ ಪ್ರಕರಣಗಳಲ್ಲಿ ಆ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಕುಟುಂಬ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ, ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಮೊದಲು ರಾಜಿಯ ಪ್ರಯತ್ನ, ಆಪ್ತಸಮಾಲೋಚಕರ ಕೋಣೆ. ಸಿನಿಮಾದಂತೆ ಮೇಜು ಕುಟ್ಟುವ ವಾದಕ್ಕಿಂತ ಆ ಕೋಣೆಯ ಎರಡು ಕುರ್ಚಿಗಳ ನಡುವಿನ ಅಂತರ ಬರವಣಿಗೆಗೆ ಹೆಚ್ಚು ಕೊಡುತ್ತದೆ. ಡೊಂಬಿವಲಿಯ ನಾಯಕಿಯನ್ನು ಕಾರಣವಿಲ್ಲದೆ ಬಾಂದ್ರಾದಲ್ಲಿರುವ ಮುಂಬಯಿ ಕುಟುಂಬ ನ್ಯಾಯಾಲಯಕ್ಕೆ ಕಳಿಸಬೇಡಿ, ಅವಳ ಮನೆ ಇರುವುದು ಠಾಣೆ ಜಿಲ್ಲೆಯಲ್ಲಿ. ಫ್ಲ್ಯಾಟ್ ಅತ್ತೆಯ ಹೆಸರಿನಲ್ಲಿದ್ದರೂ ಅವಳು ಸಂಸಾರ ಮಾಡಿದ ಮನೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅಲ್ಲಿ ವಾಸದ ಹಕ್ಕು ಕೇಳಬಹುದು. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇದರಲ್ಲಿ ಗೊಂದಲ ಕಡಿಮೆಯಾಗಿದೆ. ಹೌಸಿಂಗ್ ಸೊಸೈಟಿಯ ನಾಮಿನಿ ಫಾರ್ಮಿನಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಮನೆಯ ಮಾಲೀಕರಾಗುವುದಿಲ್ಲ. ಹಸ್ತಪ್ರತಿಗಳಲ್ಲಿ ಎಷ್ಟೋ ಅತ್ತೆಯರು ಈ ಒಂದು ಫಾರ್ಮ್ ಹಿಡಿದು ಸೊಸೆಯನ್ನು ಹೆದರಿಸುತ್ತಾರೆ. ಪಾತ್ರ ಹಾಗೆ ನಂಬಬಹುದು, ಲೇಖಕಿ ನಂಬಬಾರದು.

ತವರಿಗೆ ಹೋಗುವ ದೃಶ್ಯವೂ ಅಷ್ಟೇ. ಜಗಳವಾದ ರಾತ್ರಿಯೇ ರೈಲು ಹತ್ತಿ ಉಡುಪಿಗೆ ಹೊರಡುವುದು ಸುಲಭವಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾ ಟರ್ಮಿನಸ್ಸಿನಿಂದ ಹೊರಡುವುದು ಮಧ್ಯಾಹ್ನ, ರಜೆಯ ದಿನಗಳಲ್ಲಿ ವೇಟಿಂಗ್ ಲಿಸ್ಟ್ ಖಾಯಂ. ಹಾಗಾಗಿ ಆ ರಾತ್ರಿ ಅವಳನ್ನು ಎಲ್ಲಾದರೂ ಉಳಿಸಿ, ಗೆಳತಿಯ ಒಂದು ಬೆಡ್‌ರೂಮಿನ ಮನೆಯ ಹಾಲ್‌ನಲ್ಲಿ, ಗೆಳತಿಯ ಗಂಡ ನೀರಿಗೆಂದು ಎದ್ದು ಬರುವ ದಾರಿಯಲ್ಲಿ. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ತಾಯಿಯ ಕಾಲದ ಕಥೆಯಾದರೆ ಬಸ್ಸಿನಲ್ಲಿ ಕೂರಿಸಿ.

ಭಾಷೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮನೆಯೊಳಗೆ ತುಳು, ಭಿಶಿಯಲ್ಲಿ ಕನ್ನಡ, ತರಕಾರಿಯವನ ಹತ್ತಿರ ಮರಾಠಿ, ಮಕ್ಕಳ ಹತ್ತಿರ ಇಂಗ್ಲಿಷ್, ಇದು ಇಲ್ಲಿನ ದಿನಚರಿ. ಎಲ್ಲವನ್ನೂ ಬರೆಯಹೊರಟರೆ ಪುಟ ಸಂತೆಯಾಗುತ್ತದೆ. ಒಂದು ದೃಶ್ಯಕ್ಕೆ ಒಂದೇ ಪರಭಾಷೆಯ ಸಾಲು, ಅದೂ ಸಿಟ್ಟು ಬಂದಾಗ. ಧಾರವಾಡದ ಗೆಳತಿ ಅಣ್ಣನ ಹೆಂಡತಿಯನ್ನು ವೈನಿ ಎನ್ನಲಿ, ಕರಾವಳಿಯವಳು ಅತ್ತಿಗೆ ಎನ್ನಲಿ. ವಯಸ್ಸಿನಲ್ಲಿ ಹಿರಿಯಳಾದ ಭಿಶಿಯ ಮುಖ್ಯಸ್ಥೆಗೆ ಅಕ್ಕ, ನೀವು. ಜಗಳದ ಅಧ್ಯಾಯದಲ್ಲಿ ಅದೇ ಅಕ್ಕನಿಗೆ ನೀನು ಎಂದು ಬಾಯಿ ತಪ್ಪಿದರೆ ಬೇರೆ ವಿವರಣೆ ಬೇಡ.

ಕರಡು ಮುಗಿದ ಮೇಲೆ ಇಡೀ ಪ್ರತಿಯನ್ನು ಒಬ್ಬರಿಗೇ ಕೊಡುವುದಿಲ್ಲ. ಭಿಶಿ ನಡೆಸುವ ಒಬ್ಬ ಹೆಂಗಸಿಗೆ ದುಡ್ಡಿನ ಅಧ್ಯಾಯಗಳು, ಕುಟುಂಬ ನ್ಯಾಯಾಲಯದಲ್ಲಿ ಕೆಲಸ ಮಾಡುವ ವಕೀಲರಿಗೆ ಕೋರ್ಟಿನ ಪುಟಗಳು, ಊರಲ್ಲೇ ಬೆಳೆದ ಹಿರಿಯರೊಬ್ಬರಿಗೆ ಆಸ್ತಿಯ ಮಾತು. ಮೂವರಿಗೂ "ಹೇಗಿದೆ?" ಎಂದು ಕೇಳುವುದಿಲ್ಲ, "ಎಲ್ಲಿ ಲೆಕ್ಕ ತಪ್ಪಿದೆ?" ಎಂದಷ್ಟೇ ಕೇಳುತ್ತೇನೆ. ಭಿಶಿಯವರು ಸಾಮಾನ್ಯವಾಗಿ ಮೊದಲು ಹಿಡಿಯುವುದು ಪಾಳಿ ಬಿಟ್ಟುಕೊಟ್ಟವಳಿಗೆ ತನ್ನ ಪಾಳಿ ಯಾವ ತಿಂಗಳು ಬಂತು ಎಂಬ ಪ್ರಶ್ನೆಯನ್ನು. ಅದಕ್ಕೆ ಉತ್ತರ ಪುಸ್ತಕದೊಳಗೆ ಇರಲೇಬೇಕು.